ಹ್ಯೂಗೋ ಯುಂಕರ್ಸ್

ಹ್ಯೂಗೋ ಯುಂಕರ್ಸ್ (3 ಫೆಬ್ರವರಿ 1859 – 3 ಫೆಬ್ರವರಿ 1935) ಜರ್ಮನಿಯ ಎಂಜಿನಿಯರ್, ಸಂಶೋಧಕ, ಪ್ರಾಧ್ಯಾಪಕ ಹಾಗೂ ಉದ್ಯಮಿ. ಮರ, ಬಟ್ಟೆ ಮತ್ತು ತಂತಿಗಳಿಂದ ವಿಮಾನಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ ಸಂಪೂರ್ಣವಾಗಿ ಲೋಹದಿಂದಲೇ ವಿಮಾನವನ್ನು ನಿರ್ಮಿಸಿ ಹಾರಿಸಿದ ಕೀರ್ತಿ ಇವರದು. 1915ರಲ್ಲಿ ಹಾರಿದ ಯುಂಕರ್ಸ್ ಜೆ 1, ಬಳಕೆಗೆ ಯೋಗ್ಯವಾದ ಮೊದಲ ಪೂರ್ಣ ಲೋಹದ ವಿಮಾನವೆಂದು ಹೆಸರಾಗಿದೆ. 1919ರ ಎಫ್ 13 ಪ್ರಪಂಚದ ಮೊದಲ ಪೂರ್ಣ ಲೋಹದ ಪ್ರಯಾಣಿಕ ವಿಮಾನವಾಗಿದೆ. ಅನಿಲದಿಂದ ನೀರು ಕಾಯಿಸುವ ಯಂತ್ರ, ಶಾಖಮಾಪಕ ಮತ್ತು ಎದುರುಬದುರು ಕೊಂತಗಳ ಡೀಸೆಲ್ ಎಂಜಿನ್‌ಗಳ ಬೆಳವಣಿಗೆಯಲ್ಲಿಯೂ ಇವರ ಕೊಡುಗೆ ದೊಡ್ಡದು. 1933ರಲ್ಲಿ ಅಧಿಕಾರಕ್ಕೆ ಬಂದ ನಾಟ್ಸಿ ಸರ್ಕಾರವು ಇವರ ಕಾರ್ಖಾನೆಗಳನ್ನೂ ಪೇಟೆಂಟುಗಳನ್ನೂ ಬಲವಂತವಾಗಿ ವಶಪಡಿಸಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಯುಂಕರ್ಸ್ ಹೆಸರು ಹೊತ್ತು ಹಾರಿದ ಬಾಂಬರ್ ವಿಮಾನಗಳಿಗೂ ಹ್ಯೂಗೋ ಯುಂಕರ್ಸ್ ಅವರಿಗೂ ನೇರ ಸಂಬಂಧವಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಯುಂಕರ್ಸ್ ಅವರು ಪ್ರಷ್ಯಾದ ರೈನ್ ಪ್ರಾಂತ್ಯದ ರೈಟ್ ಎಂಬ ಊರಿನಲ್ಲಿ ಜನಿಸಿದರು. ಈ ಊರು ಈಗ ಮಾಂಚೆನ್‌ಗ್ಲಾಡ್‌ಬಾಕ್ ನಗರದ ಒಂದು ಭಾಗವಾಗಿದೆ. ತಂದೆ ನೇಯ್ಗೆ ಗಿರಣಿಯ ಒಡೆಯರಾಗಿದ್ದರು. ಮನೆತನದ ಉದ್ಯಮ ಬಟ್ಟೆಯದಾದರೂ ಮಗನ ಒಲವು ಯಂತ್ರಗಳ ಕಡೆಗಿತ್ತು. ಬರ್ಲಿನ್, ಕಾರ್ಲ್ಸ್‌ರೂಹೆ ಮತ್ತು ಆಖೆನ್ ನಗರಗಳ ತಾಂತ್ರಿಕ ವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್ ಅಭ್ಯಾಸ ಮಾಡಿದ ಅವರು 1883ರಲ್ಲಿ ಆಖೆನ್‌ನಲ್ಲಿ ಶಿಕ್ಷಣವನ್ನು ಪೂರೈಸಿದರು. ಕೆಲಕಾಲ ತಂದೆಯ ಗಿರಣಿಯಲ್ಲಿ ಕೆಲಸ ಮಾಡಿದ ನಂತರ ಮತ್ತೆ ಬರ್ಲಿನ್‌ಗೆ ಹೋಗಿ, ವಿದ್ಯುತ್ ಮತ್ತು ಅನಿಲ ಯಂತ್ರಗಳಲ್ಲಿ ಪರಿಣತರಾಗಿದ್ದ ಪ್ರಾಧ್ಯಾಪಕ ಅಡಾಲ್ಫ್ ಸ್ಲಾಬಿ ಅವರ ಉಪನ್ಯಾಸಗಳನ್ನು ಕೇಳಿದರು. ಸ್ಲಾಬಿ ಅವರ ಮೂಲಕವೇ 1888ರಲ್ಲಿ ಡೆಸ್ಸಾವ್ ನಗರದ ಅನಿಲ ಕಂಪನಿಯೊಂದರಲ್ಲಿ ಅವರಿಗೆ ಕೆಲಸ ದೊರೆಯಿತು. ಅಲ್ಲಿಂದ ಮುಂದೆ ಸುಮಾರು ನಲವತ್ತೈದು ವರ್ಷಗಳ ಕಾಲ ಅವರ ಬದುಕು ಡೆಸ್ಸಾವ್‌ನೊಂದಿಗೆ ಹೆಣೆದುಕೊಂಡಿತು.

ಡೆಸ್ಸಾವ್‌ನಲ್ಲಿ ಆರಂಭದ ವರ್ಷಗಳು

ಡೆಸ್ಸಾವ್‌ನಲ್ಲಿ ಯುಂಕರ್ಸ್ ಅವರು ವಿಲ್ಹೆಲ್ಮ್ ಫಾನ್ ಓಖೆಲ್‌ಹಾಯ್ಸರ್ ಅವರೊಂದಿಗೆ ಅನಿಲ ಎಂಜಿನ್‌ಗಳ ಸಂಶೋಧನೆಯಲ್ಲಿ ತೊಡಗಿದರು. 1890ರಲ್ಲಿ ಇಬ್ಬರೂ ಸೇರಿ ಒಂದು ಪ್ರಯೋಗ ಕೇಂದ್ರವನ್ನು ಸ್ಥಾಪಿಸಿದರು. ಒಂದೇ ಸಿಲಿಂಡರಿನಲ್ಲಿ ಎರಡು ಕೊಂತಗಳು ಎದುರುಬದುರಾಗಿ ಚಲಿಸುವ ಎಂಜಿನ್ ಅಲ್ಲಿ ರೂಪುಗೊಂಡಿತು. ಎಂಜಿನ್ ಎಷ್ಟು ದಕ್ಷವಾಗಿದೆ ಎಂದು ತಿಳಿಯಬೇಕಾದರೆ ಅದಕ್ಕೆ ಕೊಡುವ ಅನಿಲದಲ್ಲಿ ಎಷ್ಟು ಶಾಖವಿದೆ ಎಂಬುದು ಮೊದಲು ತಿಳಿಯಬೇಕು. ಇದಕ್ಕಾಗಿ ಯುಂಕರ್ಸ್ ಅವರು ಒಂದು ಶಾಖಮಾಪಕವನ್ನು ರಚಿಸಿ 1892ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ಷಿಕಾಗೋದಲ್ಲಿ ನಡೆದ ಪ್ರಪಂಚ ಮೇಳದಲ್ಲಿ ಅದು ಪ್ರದರ್ಶನಗೊಂಡು ಬಹುಮಾನ ಗಳಿಸಿತು.

ಹರಿಯುವ ನೀರಿಗೆ ಅನಿಲದ ಶಾಖವನ್ನು ದಾಟಿಸಿ ಅಳೆಯುವುದು ಆ ಮಾಪಕದ ತತ್ತ್ವ. ಇದೇ ತತ್ತ್ವವನ್ನು ಬಳಸಿಕೊಂಡರೆ ಸ್ನಾನದ ಮನೆಯಲ್ಲಿ ಬಿಸಿನೀರನ್ನು ಕ್ಷಣಾರ್ಧದಲ್ಲಿ ಪಡೆಯಬಹುದೆಂದು ಅವರು ಕಂಡುಕೊಂಡರು. 1895ರಲ್ಲಿ ಯುಂಕರ್ಸ್ ಅಂಡ್ ಕಂಪನಿ ಎಂಬ ಸಂಸ್ಥೆ ಹುಟ್ಟಿ, ಅನಿಲದ ಬಿಸಿನೀರಿನ ಯಂತ್ರಗಳನ್ನು ತಯಾರಿಸತೊಡಗಿತು. ತೆಳ್ಳನೆಯ ತಗಡನ್ನು ಕತ್ತರಿಸುವುದು, ಬಾಗಿಸುವುದು, ಏಣು ಮೂಡಿಸುವುದು, ಬೆಸೆಯುವುದು ಈ ಕಾರ್ಖಾನೆಯ ದಿನನಿತ್ಯದ ಕೆಲಸವಾಗಿತ್ತು. ಮುಂದೆ ವಿಮಾನ ಕಟ್ಟುವ ಸಂದರ್ಭ ಬಂದಾಗ ಯುಂಕರ್ಸ್ ಅವರ ಕೈಗೆ ಒದಗಿದ್ದು ಈ ಬಿಸಿನೀರಿನ ಯಂತ್ರಗಳಿಂದ ಬಂದ ತಗಡಿನ ಅನುಭವ ಮತ್ತು ಆ ಕೆಲಸದಲ್ಲಿ ನುರಿತ ಕುಶಲಕರ್ಮಿಗಳು. ಕಂಪನಿಯಿಂದ ಬಂದ ಲಾಭವೇ ವಿಮಾನ ಸಂಶೋಧನೆಗೆ ಬಂಡವಾಳವಾಯಿತು.

ಪ್ರಾಧ್ಯಾಪಕ ವೃತ್ತಿ

1897ರಲ್ಲಿ ಆಖೆನ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಯುಂಕರ್ಸ್ ಅವರು ಪ್ರಾಧ್ಯಾಪಕರಾಗಿ ನೇಮಕಗೊಂಡರು. 1898ರಲ್ಲಿ ತೆರೇಸ್ ಬೆನ್‌ಹೋಲ್ಡ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಹನ್ನೆರಡು ಮಂದಿ ಮಕ್ಕಳು ಜನಿಸಿದರು.

ಆಖೆನ್‌ನಲ್ಲಿ ಸಹೋದ್ಯೋಗಿಯಾಗಿದ್ದ ಪ್ರಾಧ್ಯಾಪಕ ಹಾನ್ಸ್ ರೈಸ್ನರ್ ಅವರಿಂದ ಯುಂಕರ್ಸ್ ಅವರಿಗೆ ವಿಮಾನಗಳ ಆಸಕ್ತಿ ಹತ್ತಿತು. ರೈಸ್ನರ್ ಅವರು ಕಟ್ಟಿದ ಬಾತುಕೋಳಿ ಎಂಬ ಹೆಸರಿನ ವಿಮಾನಕ್ಕೆ ಏಣುಗಳುಳ್ಳ ಲೋಹದ ತಗಡಿನ ರೆಕ್ಕೆಗಳನ್ನು ಒದಗಿಸಿದ್ದು ಯುಂಕರ್ಸ್ ಅವರ ಕಾರ್ಖಾನೆಯೇ. ಆ ವಿಮಾನ 1912ರಲ್ಲಿ ಹಾರಿತು. ಅದಕ್ಕೂ ಮೊದಲು, 1910ರಲ್ಲಿ, ದಪ್ಪನಾದ ಟೊಳ್ಳು ರೆಕ್ಕೆಯೊಳಗೇ ಎಂಜಿನ್, ಸಾಮಾನು ಮತ್ತು ಪ್ರಯಾಣಿಕರನ್ನು ಅಡಗಿಸುವ ಕಲ್ಪನೆಗೆ ಯುಂಕರ್ಸ್ ಅವರು ಪೇಟೆಂಟ್ ಪಡೆದಿದ್ದರು. ರೆಕ್ಕೆ ತೆಳ್ಳಗಿದ್ದಷ್ಟೂ ಒಳ್ಳೆಯದೆಂದು ಆಗ ಎಲ್ಲರೂ ನಂಬಿದ್ದರು. ಗಾಳಿಸುರಂಗದಲ್ಲಿ ಪ್ರಯೋಗಗಳನ್ನು ನಡೆಸಿದ ಯುಂಕರ್ಸ್ ಅವರು, ದಪ್ಪ ರೆಕ್ಕೆಯೂ ಚೆನ್ನಾಗಿಯೇ ಎತ್ತುವ ಬಲ ಕೊಡುತ್ತದೆ ಎಂಬುದನ್ನು ಮನಗಂಡರು. ದಪ್ಪ ರೆಕ್ಕೆಯೊಳಗೆ ಬಲವಾದ ಚೌಕಟ್ಟನ್ನು ಇಡಬಹುದಾದ್ದರಿಂದ ಹೊರಗಿನ ತಂತಿ, ಕಂಬಗಳ ಆಧಾರವೇ ಬೇಕಾಗುವುದಿಲ್ಲ. 1912ರಲ್ಲಿ ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು ಅವರು ಪೂರ್ಣವಾಗಿ ಸಂಶೋಧನೆ ಮತ್ತು ಉದ್ಯಮಕ್ಕೆ ತೊಡಗಿಕೊಂಡರು.

ಮೊದಲ ಪೂರ್ಣ ಲೋಹದ ವಿಮಾನ

ಮೊದಲನೆಯ ಮಹಾಯುದ್ಧ ಆರಂಭವಾದ ನಂತರ ಡೆಸ್ಸಾವ್‌ನಲ್ಲಿ ಜೆ 1 ವಿಮಾನದ ಕೆಲಸ ಪ್ರಾರಂಭವಾಯಿತು. ಅದರ ಚೌಕಟ್ಟು, ಹೊದಿಕೆ ಎಲ್ಲವೂ ಉಕ್ಕಿನದು. ಒಂದು ಮಿಲಿಮೀಟರಿಗಿಂತಲೂ ತೆಳ್ಳನೆಯ ಉಕ್ಕಿನ ಹಾಳೆಗಳನ್ನು ವಿದ್ಯುತ್ತಿನಿಂದ ಬೆಸೆದು ರೆಕ್ಕೆಗಳನ್ನು ಮಾಡಲಾಗಿತ್ತು. 1915ರ ಡಿಸೆಂಬರ್ 12ರಂದು ಬರ್ಲಿನ್ ಸಮೀಪದ ಡೋಬೆರಿಟ್ಸ್ ಮೈದಾನದಲ್ಲಿ ಲೆಫ್ಟಿನೆಂಟ್ ಥಿಯೋಡೋರ್ ಮಾಲಿಂಕ್ರೋಟ್ ಅದನ್ನು ಮೊದಲ ಬಾರಿಗೆ ನೆಲದಿಂದ ಮೇಲೆತ್ತಿದರು. ಹೊರಗೆ ಒಂದೇ ಒಂದು ತಂತಿಯಿಲ್ಲದ, ಒಂದೇ ಜೊತೆ ರೆಕ್ಕೆಗಳ ಆ ವಿಮಾನ ಗಂಟೆಗೆ ಸುಮಾರು 170 ಕಿಲೋಮೀಟರ್ ವೇಗವನ್ನು ಮುಟ್ಟಿತು. ಆದರೆ ಉಕ್ಕಿನ ಭಾರದಿಂದಾಗಿ ಮೇಲೇರುವಾಗ ಅದು ಬಹಳ ನಿಧಾನವಾಗಿತ್ತು. ಜನ ಅದಕ್ಕೆ ತಗಡಿನ ಕತ್ತೆ ಎಂಬ ಅಡ್ಡಹೆಸರನ್ನಿಟ್ಟರು. ಲೋಹದಿಂದ ವಿಮಾನ ಕಟ್ಟಬಹುದು ಎಂಬುದು ಸಿದ್ಧವಾಗಿತ್ತು. ಯಾವ ಲೋಹದಿಂದ ಕಟ್ಟಬೇಕು ಎಂಬ ಪ್ರಶ್ನೆ ಮಾತ್ರ ಉಳಿದಿತ್ತು.

ಡ್ಯೂರಾಲುಮಿನ್ ಬಳಕೆ

ಈ ಪ್ರಶ್ನೆಗೆ ಉತ್ತರ ಡ್ಯೂರಾಲುಮಿನ್ ಎಂಬ ಮಿಶ್ರಲೋಹದಲ್ಲಿತ್ತು. ಜರ್ಮನಿಯ ಲೋಹಶಾಸ್ತ್ರಜ್ಞ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದ್ದರು. ಅಲ್ಯೂಮಿನಿಯಮ್ಮಿಗೆ ಶೇಕಡ 4ರಷ್ಟು ತಾಮ್ರ ಹಾಗೂ ಅಲ್ಪಸ್ವಲ್ಪ ಮೆಗ್ನೀಸಿಯಮ್, ಮ್ಯಾಂಗನೀಸ್ ಬೆರೆಸಿ, ಕಾಯಿಸಿ, ನೀರಿನಲ್ಲಿ ಅದ್ದಿ ತಣಿಸಿದರೆ ಅದು ಮೊದಲು ಮೆತ್ತಗಿರುತ್ತದೆ. ಹಾಗೆಯೇ ಕೆಲವು ದಿನ ಬಿಟ್ಟರೆ ತಾನಾಗಿಯೇ ಗಟ್ಟಿಯಾಗುತ್ತದೆ. ಡ್ಯೂರೆನ್ ಎಂಬ ಊರಿನ ಲೋಹದ ಕಾರ್ಖಾನೆಯು ಇದನ್ನು ತಯಾರಿಸತೊಡಗಿದ್ದರಿಂದ ಈ ಹೆಸರು ಬಂತು. ಉಕ್ಕಿನ ಸುಮಾರು ಮೂರನೇ ಒಂದು ಭಾಗದಷ್ಟೇ ತೂಕವಿದ್ದು, ಸಾಧಾರಣ ಉಕ್ಕಿಗೆ ಸಮೀಪವಾದ ಬಲವನ್ನು ಇದು ಹೊಂದಿತ್ತು. ಜೆಪ್ಪೆಲಿನ್ ವಾಯುನೌಕೆಗಳ ಚೌಕಟ್ಟಿಗೆ ಇದನ್ನು ಆಗಲೇ ಬಳಸುತ್ತಿದ್ದರು.

ಡ್ಯೂರಾಲುಮಿನ್ನನ್ನು ಉಕ್ಕಿನಂತೆ ಬೆಸೆಯಲು ಬರುವುದಿಲ್ಲ. ಬೆಸುಗೆಯ ಶಾಖಕ್ಕೆ ಅದರ ಗಟ್ಟಿತನ ಕಳೆದುಹೋಗುತ್ತದೆ. ಆದ್ದರಿಂದ ಯುಂಕರ್ಸ್ ಅವರು ರಿವೆಟ್ ಜೋಡಣೆಯನ್ನು ಆರಿಸಿಕೊಂಡರು. ತೆಳ್ಳನೆಯ ಹಾಳೆ ಬಾಗದಿರಲೆಂದು ಅದಕ್ಕೆ ಅಲೆಅಲೆಯಾದ ಏಣುಗಳನ್ನು ಮೂಡಿಸಿದರು. ಮನೆಗಳ ಮೇಲೆ ಹೊದಿಸುವ ತಗಡಿನಂತೆ ಕಾಣುತ್ತಿದ್ದ ಈ ಹೊದಿಕೆಯೇ ಮುಂದೆ ಯುಂಕರ್ಸ್ ವಿಮಾನಗಳ ಗುರುತಾಯಿತು. 1917ರಲ್ಲಿ ಬಂದ ಸೇನೆಯ ಜೆ.ಐ ಎಂಬ ವಿಮಾನದಲ್ಲಿ ಡ್ಯೂರಾಲುಮಿನ್ ಹೊದಿಕೆಯೊಂದಿಗೆ ಚಾಲಕನನ್ನು ರಕ್ಷಿಸುವ 5 ಮಿಲಿಮೀಟರ್ ದಪ್ಪದ ಉಕ್ಕಿನ ತೊಟ್ಟಿಯೂ ಇತ್ತು. ಇಂತಹ 227 ವಿಮಾನಗಳು ತಯಾರಾದವು. ಅದೇ ವರ್ಷ ಸರ್ಕಾರದ ಒತ್ತಾಯದಿಂದ ಆಂಟನಿ ಫೋಕರ್ ಅವರೊಂದಿಗೆ ಕಂಪನಿಯನ್ನು ಕೂಡಿಸಬೇಕಾಯಿತಾದರೂ ಆ ಸಂಬಂಧ ಬಹಳ ಕಾಲ ಬಾಳಲಿಲ್ಲ.

ಎಫ್ 13 ಪ್ರಯಾಣಿಕ ವಿಮಾನ

ಯುದ್ಧ ಮುಗಿದೊಡನೆ ಯುಂಕರ್ಸ್ ಅವರು ತಮ್ಮ ಎಂಜಿನಿಯರುಗಳನ್ನು ನಾಗರಿಕ ವಿಮಾನದ ಕೆಲಸಕ್ಕೆ ಹಚ್ಚಿದರು. ಓಟ್ಟೋ ರಾಯ್ಟರ್ ಅವರ ನೇತೃತ್ವದಲ್ಲಿ ರೂಪುಗೊಂಡ ಎಫ್ 13, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬೀಳುವ ಮೂರು ದಿನಗಳ ಮುಂಚೆ, 1919ರ ಜೂನ್ 25ರಂದು ಮೊದಲ ಬಾರಿಗೆ ಹಾರಿತು. ನಾಲ್ವರು ಪ್ರಯಾಣಿಕರು ಗಾಳಿಮಳೆಗಳ ಹಂಗಿಲ್ಲದೆ, ಮುಚ್ಚಿದ ಬೆಚ್ಚನೆಯ ಕೋಣೆಯಲ್ಲಿ ಮೆತ್ತನೆಯ ಆಸನಗಳ ಮೇಲೆ ಕುಳಿತು ಪ್ರಯಾಣಿಸಬಹುದಾಗಿತ್ತು. ಮುನ್ನೂರಕ್ಕೂ ಹೆಚ್ಚು ಎಫ್ 13 ವಿಮಾನಗಳು ತಯಾರಾಗಿ ಹಲವು ದೇಶಗಳಲ್ಲಿ ಬಳಕೆಯಾದವು.

ಮರದ ವಿಮಾನಕ್ಕೆ ಮಳೆ ಮತ್ತು ಬಿಸಿಲು ದೊಡ್ಡ ಶತ್ರುಗಳು. ತೇವಕ್ಕೆ ಅಂಟು ಬಿಡುತ್ತದೆ, ಮರ ಉಬ್ಬುತ್ತದೆ, ಬಟ್ಟೆ ಸಡಿಲವಾಗುತ್ತದೆ. ಕೊಲಂಬಿಯಾ ದೇಶದ ಸ್ಕಾಡ್ಟಾ ಎಂಬ ವಿಮಾನ ಸಂಸ್ಥೆಯು ಎಫ್ 13 ವಿಮಾನಗಳಿಗೆ ತೇಲುವ ದೋಣಿಗಳನ್ನು ಕಟ್ಟಿ, ಮ್ಯಾಗ್ಡಲೀನಾ ನದಿಯ ಉದ್ದಕ್ಕೂ 1920ರ ದಶಕದಲ್ಲಿ ಅಂಚೆ ಹಾಗೂ ಪ್ರಯಾಣಿಕರನ್ನು ಸಾಗಿಸಿತು. ಬಿಸಿಯೂ ತೇವವೂ ತುಂಬಿದ ಅಂತಹ ಕಣಿವೆಯಲ್ಲಿ ಲೋಹದ ವಿಮಾನದ ಮೇಲ್ಮೆ ಎದ್ದು ಕಂಡಿತು. ಆದರೆ ಲೋಹಕ್ಕೂ ತನ್ನದೇ ಆದ ಶತ್ರುವಿತ್ತು.

ಲೋಹದ ನಶಿಸುವಿಕೆ ಮತ್ತು ಮೇಲ್ಮೈ ರಕ್ಷಣೆ

ಶುದ್ಧ ಅಲ್ಯೂಮಿನಿಯಮ್ ಗಾಳಿಗೆ ತೆರೆದುಕೊಂಡೊಡನೆ ಅದರ ಮೇಲೆ ಆಕ್ಸೈಡಿನ ಒಂದು ಪೊರೆ ಮೂಡುತ್ತದೆ. ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ತೆಳುವಾದ ಈ ಪೊರೆ ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕಿನಂತೆ ಇದು ಉದುರುವುದಿಲ್ಲ. ಡ್ಯೂರಾಲುಮಿನ್ನಿನ ವಿಷಯ ಹಾಗಲ್ಲ. ಅದಕ್ಕೆ ಬಲ ಕೊಡುವ ತಾಮ್ರವೇ ಅದರ ದೌರ್ಬಲ್ಯಕ್ಕೂ ಕಾರಣ. ತಾಮ್ರ ಹೆಚ್ಚಾಗಿರುವ ಕಣಗಳ ಸುತ್ತ ಉಪ್ಪುನೀರು ಅಥವಾ ತೇವ ಸೇರಿದರೆ ಪುಟ್ಟ ಪುಟ್ಟ ವಿದ್ಯುತ್ಕೋಶಗಳು ಏರ್ಪಟ್ಟು ಪಕ್ಕದ ಅಲ್ಯೂಮಿನಿಯಮ್ ಕರಗುತ್ತ ಹೋಗುತ್ತದೆ. ಲೋಹದ ಹರಳುಗಳ ನಡುವಿನ ಸಂದುಗಳಲ್ಲಿ ಇದು ನಡೆದರೆ, ಹೊರಗೆ ಹೆಚ್ಚೇನೂ ಕಾಣದಿದ್ದರೂ ಹಾಳೆ ಒಳಗೊಳಗೇ ಶಿಥಿಲವಾಗುತ್ತದೆ. ಮರದ ಹುಳು ಕಾಣುವಂತೆ ತೂತು ಮಾಡುತ್ತದೆ. ಈ ಹುಳು ಕಾಣದಂತೆ ಕೊರೆಯುತ್ತದೆ.

ಲೋಹದ ವಿಮಾನಗಳು ಹೆಚ್ಚಿದಂತೆ 1920ರ ದಶಕದಲ್ಲಿ ಅನೇಕ ದೇಶಗಳ ಪ್ರಯೋಗಾಲಯಗಳು ಈ ಸಮಸ್ಯೆಯ ಬೆನ್ನುಹತ್ತಿದವು. ಕಾಯಿಸಿದ ಲೋಹವನ್ನು ತಣ್ಣೀರಿನಲ್ಲಿ ತ್ವರಿತವಾಗಿ ತಣಿಸಿದರೆ ಸಂದುಗಳಲ್ಲಿ ತಾಮ್ರ ಕೂಡುವುದು ಕಡಿಮೆಯಾಗುತ್ತದೆ ಎಂದು ತಿಳಿದುಬಂತು. 1923ರಲ್ಲಿ ಬ್ರಿಟನ್ನಿನ ಬೆಂಗೌ ಮತ್ತು ಸ್ಟುವರ್ಟ್ ಅವರು ಕ್ರೋಮಿಕ್ ಆಮ್ಲದಲ್ಲಿ ವಿದ್ಯುತ್ ಹರಿಸಿ ಆಕ್ಸೈಡ್ ಪೊರೆಯನ್ನು ದಪ್ಪವಾಗಿಸುವ ಆನೋಡೀಕರಣ ವಿಧಾನಕ್ಕೆ ಪೇಟೆಂಟ್ ಪಡೆದರು. ಅದೇ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಆಲ್‌ಕ್ಲಾಡ್ ಎಂಬ ಹಾಳೆ ಬಂತು. ಬಲವಾದ ಮಿಶ್ರಲೋಹದ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಮ್ಮಿನ ತೆಳುವಾದ ಪದರವನ್ನು ಒತ್ತಿ ಕೂರಿಸಿದ ಹಾಳೆ ಇದು. ಹೊರಪದರ ತಾನು ಸವೆದು ಒಳಗಿನದನ್ನು ಉಳಿಸುತ್ತದೆ. ಮುಂದಿನ ದಶಕದಲ್ಲಿ ಹಳದಿಹಸಿರು ಬಣ್ಣದ ಸತುವಿನ ಕ್ರೋಮೇಟ್ ಪ್ರೈಮರ್ ಬಳಕೆಗೆ ಬಂತು. ಹಳೆಯ ಲೋಹವಿಮಾನಗಳ ಒಳಭಾಗದಲ್ಲಿ ಕಾಣುವ ಬಣ್ಣ ಬಹುಮಟ್ಟಿಗೆ ಇದೇ.

ಪ್ರೈಮರ್ ಎಷ್ಟೇ ಉತ್ತಮವಾಗಿದ್ದರೂ ಅದರ ಅಡಿಯ ಲೋಹ ಶುಚಿಯಾಗಿಲ್ಲದಿದ್ದರೆ ಅದು ಹಪ್ಪಳದಂತೆ ಏಳುತ್ತದೆ. ಎದ್ದ ಪದರದ ಕೆಳಗೆ ತೇವ ನಿಂತು, ಬಣ್ಣವೇ ಇಲ್ಲದ ಲೋಹಕ್ಕಿಂತ ಬೇಗ ಹಾಳಾಗುತ್ತದೆ. ಆದ್ದರಿಂದ ಲೋಹದ ವಿಮಾನದ ಬಿಡಿಭಾಗಗಳನ್ನು ಪ್ರೈಮರಿಗೆ ಸಿದ್ಧಪಡಿಸುವುದು ಒಂದು ಪ್ರತ್ಯೇಕ ಕಸುಬಾಗಿಯೇ ಬೆಳೆಯಿತು. ಇಂದು ಬಿಡಿಭಾಗಗಳ ಪೆಟ್ಟಿಗೆಯನ್ನು ತರಿಸಿಕೊಂಡು ಮನೆಯಲ್ಲಿಯೇ ಲೋಹದ ಪುಟ್ಟ ವಿಮಾನ ಕಟ್ಟುವ ಹವ್ಯಾಸಿಗಳೂ ಸಾಮಾನ್ಯವಾಗಿ ಇದೇ ಕ್ರಮವನ್ನು ಅನುಸರಿಸುತ್ತಾರೆ. ಅದರ ಹಂತಗಳು ಸ್ಥೂಲವಾಗಿ ಹೀಗಿವೆ:

1. ಅಂಚುಗಳನ್ನು ನಯಗೊಳಿಸುವುದು. ರಂಧ್ರ ಕೊರೆದಾಗ ಏಳುವ ಚೂಪು ಚೂರುಗಳನ್ನೂ ಹಾಳೆಯ ಹರಿತವಾದ ಅಂಚುಗಳನ್ನೂ ಮೊದಲೇ ತೆಗೆಯಲಾಗುತ್ತದೆ. ಚೂಪಾದ ಅಂಚಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಬಿರುಕು ಹುಟ್ಟುವುದೂ ಅಲ್ಲಿಂದಲೇ. ಹಾಳೆಯ ಮೇಲೆ ಗುರುತು ಹಾಕಲು ಪೆನ್ಸಿಲ್ ಬಳಸುವುದಿಲ್ಲ, ಏಕೆಂದರೆ ಅದರ ಗ್ರಾಫೈಟ್ ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ.

2. ಜಿಡ್ಡು ತೆಗೆಯುವುದು. ಕಾರ್ಖಾನೆಯ ಎಣ್ಣೆ, ಬೆರಳಿನ ಬೆವರು, ಶಾಯಿ ಇವನ್ನೆಲ್ಲ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ದ್ರಾವಕ ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲಿಯೇ ಕೂರುತ್ತದೆ. ಉಜ್ಜುವ ಮೊದಲೇ ಜಿಡ್ಡು ತೆಗೆಯಬೇಕು, ಇಲ್ಲವಾದರೆ ಉಜ್ಜುವಾಗ ಅದು ಗೀರುಗಳ ಒಳಕ್ಕೆ ಇಳಿಯುತ್ತದೆ.

3. ಹಗುರವಾಗಿ ಉಜ್ಜುವುದು. ಬಣ್ಣಕ್ಕೆ ಹಿಡಿತ ಸಿಗಲೆಂದು ಪಾತ್ರೆ ತಿಕ್ಕುವ ನಾರನ್ನು ಹೋಲುವ ನೈಲಾನ್ ಪಟ್ಟಿಯಿಂದ ಮೇಲ್ಮೈಯ ಹೊಳಪು ಹೋಗುವಷ್ಟು ಮಾತ್ರ ಉಜ್ಜುತ್ತಾರೆ. ಆಲ್‌ಕ್ಲಾಡ್ ಹಾಳೆಯನ್ನು ಜೋರಾಗಿ ಉಜ್ಜಿದರೆ ಕಾಪಾಡುವ ಪದರವೇ ಹೋಗಿಬಿಡುತ್ತದೆ. ಉಕ್ಕಿನ ನಾರನ್ನು ಬಳಸಬಾರದು. ಅದರ ಚೂರುಗಳು ಅಲ್ಯೂಮಿನಿಯಮ್ಮಿನಲ್ಲಿ ನಾಟಿಕೊಂಡು ನಶಿಸುವಿಕೆಗೆ ಬೀಜವಾಗುತ್ತವೆ.

4. ಆಮ್ಲದಿಂದ ತೊಳೆಯುವುದು. ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣು ಬೆಳಗುವಂತೆ, ನೀರು ಬೆರೆಸಿದ ಫಾಸ್ಫಾರಿಕ್ ಆಮ್ಲವು ಹಳೆಯ ಆಕ್ಸೈಡನ್ನು ಕರಗಿಸಿ ಹೊಸ ಲೋಹವನ್ನು ಹೊರಗೆ ತರುತ್ತದೆ. ನಂತರ ಧಾರಾಳವಾದ ಶುದ್ಧ ನೀರಿನಲ್ಲಿ ತೊಳೆಯಬೇಕು. ಎರಡು ಹಾಳೆಗಳ ಸಂದಿನಲ್ಲಿ ಆಮ್ಲ ಉಳಿದರೆ ಅಪಾಯ. ಆದ್ದರಿಂದ ಈ ಕೆಲಸವನ್ನು ರಿವೆಟ್ ಹೊಡೆಯುವ ಮೊದಲೇ ಮಾಡಲಾಗುತ್ತದೆ.

5. ನೀರಿನ ಪರೀಕ್ಷೆ. ತೊಳೆದ ಹಾಳೆಯ ಮೇಲೆ ನೀರು ಒಂದೇ ಸಮನಾದ ಹಾಳೆಯಂತೆ ಹರಡಿ ನಿಂತರೆ ಲೋಹ ಶುದ್ಧವಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಒಡೆದರೆ ಇನ್ನೂ ಜಿಡ್ಡು ಉಳಿದಿದೆ. ಆಗ ಮೊದಲಿನಿಂದ ಮತ್ತೆ ಆರಂಭಿಸಬೇಕು.

6. ರಾಸಾಯನಿಕ ಪೊರೆ ಮತ್ತು ಪ್ರೈಮರ್. ಕೆಲವರು ಇದಾದ ಮೇಲೆ ಕ್ರೋಮೇಟ್ ದ್ರಾವಣದಲ್ಲಿ ಅದ್ದಿ ಚಿನ್ನದ ಬಣ್ಣದ ತೆಳುವಾದ ಪೊರೆಯನ್ನು ಬರಿಸುತ್ತಾರೆ. ಹಾಳೆ ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟದೆ, ತಡಮಾಡದೆ ಪ್ರೈಮರ್ ಹಚ್ಚಬೇಕು. ತಡವಾದಷ್ಟೂ ಧೂಳು, ತೇವ ಮತ್ತು ಹೊಸ ಆಕ್ಸೈಡ್ ಕೂಡಿಕೊಳ್ಳುತ್ತವೆ.

ಕ್ರೋಮೇಟ್ ಪದಾರ್ಥಗಳು ಕ್ಯಾನ್ಸರ್‌ಕಾರಕವೆಂದು ತಿಳಿದುಬಂದ ಮೇಲೆ ಕ್ರೋಮಿಯಮ್ ಇಲ್ಲದ ಪ್ರೈಮರುಗಳ ಬಳಕೆ ಹೆಚ್ಚಿದೆ. ಕೈಗವಸು, ಮುಖಕವಚ ಮತ್ತು ಗಾಳಿಯಾಡುವ ಸ್ಥಳ ಇವು ಈ ಕೆಲಸಕ್ಕೆ ಅಗತ್ಯ. ಪ್ರೈಮರಿಗೂ ತೂಕವಿರುವುದರಿಂದ ಅದನ್ನು ದಪ್ಪವಾಗಿ ಬಳಿಯುವುದಿಲ್ಲ. ಒಣಹವೆಯ ಪ್ರದೇಶಗಳಲ್ಲಿ ಆಲ್‌ಕ್ಲಾಡ್ ಹಾಳೆಯ ಒಳಬದಿಯನ್ನು ಬಣ್ಣವಿಲ್ಲದೆ ಬಿಡುವವರೂ ಇದ್ದಾರೆ. ಇಂದಿನ ಬಿಡಿಭಾಗಗಳ ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ 2024 ಎಂಬ ಸಂಖ್ಯೆಯ ಮಿಶ್ರಲೋಹ, ಯುಂಕರ್ಸ್ ಅವರು ಬಳಸಿದ ಡ್ಯೂರಾಲುಮಿನ್ನಿನ ನೇರ ವಂಶಜವೇ ಆಗಿದೆ.

ಆರ್ಥಿಕ ಸಂಕಷ್ಟಗಳು

ವರ್ಸೇಲ್ಸ್ ಒಪ್ಪಂದದ ನಂತರ ಜರ್ಮನಿಯಲ್ಲಿ ವಿಮಾನ ತಯಾರಿಕೆಗೆ ಕಟ್ಟುನಿಟ್ಟಾದ ನಿರ್ಬಂಧಗಳಿದ್ದವು. 1922ರಲ್ಲಿ ಸೋವಿಯತ್ ಸರ್ಕಾರದೊಂದಿಗೆ ಒಪ್ಪಂದವಾಗಿ, ಮಾಸ್ಕೋ ಸಮೀಪದ ಫಿಲಿ ಎಂಬಲ್ಲಿ ಯುಂಕರ್ಸ್ ಕಾರ್ಖಾನೆ ಆರಂಭವಾಯಿತು. ಇದರ ಹಿಂದೆ ಜರ್ಮನ್ ಸೇನೆಯ ಗುಟ್ಟಿನ ಪ್ರೋತ್ಸಾಹವಿತ್ತು. ನಿರೀಕ್ಷಿಸಿದಷ್ಟು ಬೇಡಿಕೆ ಬರದೆ ಈ ಸಾಹಸವು ಭಾರೀ ನಷ್ಟದಲ್ಲಿ ಕೊನೆಗೊಂಡಿತು. 1925ರ ವೇಳೆಗೆ ಕಂಪನಿ ಸಾಲದಲ್ಲಿ ಮುಳುಗಿ, ಷೇರುಗಳ ಬಹುಪಾಲು ಸರ್ಕಾರದ ಕೈಸೇರಿತು. ಯುಂಕರ್ಸ್ ಅವರು ಕಟ್ಟಿ ಬೆಳೆಸಿದ್ದ ವಿಮಾನಯಾನ ಸಂಸ್ಥೆಯನ್ನು 1926ರಲ್ಲಿ ಮತ್ತೊಂದು ಸಂಸ್ಥೆಯೊಂದಿಗೆ ಕೂಡಿಸಿ ಲುಫ್ಟ್ ಹಾನ್ಸಾ ಎಂಬ ಹೊಸ ಸಂಸ್ಥೆಯನ್ನು ಸ್ಥಾಪಿಸಲಾಯಿತು. ವಿಮಾನ ಕಾರ್ಖಾನೆಯನ್ನು ಮಾತ್ರ ಅವರು ಮರಳಿ ಪಡೆದರು.

ಪ್ರಮುಖ ವಿಮಾನಗಳು

1928ರ ಏಪ್ರಿಲ್ 12–13ರಂದು ಬ್ರೆಮೆನ್ ಎಂಬ ಹೆಸರಿನ ಯುಂಕರ್ಸ್ ಡಬ್ಲ್ಯೂ 33 ವಿಮಾನವು ಐರ್ಲೆಂಡಿನಿಂದ ಹೊರಟು ಕೆನಡಾದ ಗ್ರೀನ್ಲಿ ದ್ವೀಪವನ್ನು ತಲುಪಿತು. ಅಟ್ಲಾಂಟಿಕ್ ಸಾಗರವನ್ನು ಪೂರ್ವದಿಂದ ಪಶ್ಚಿಮಕ್ಕೆ, ಎದುರುಗಾಳಿಯಲ್ಲಿ, ಎಲ್ಲಿಯೂ ನಿಲ್ಲದೆ ದಾಟಿದ ಮೊದಲ ವಿಮಾನ ಅದು. ಹರ್ಮನ್ ಕೋಲ್, ಗ್ಯುಂಟರ್ ಫಾನ್ ಹ್ಯೂನೆಫೆಲ್ಡ್ ಮತ್ತು ಜೇಮ್ಸ್ ಫಿಟ್ಸ್‌ಮಾರಿಸ್ ಅದರಲ್ಲಿದ್ದ ಮೂವರು. 1929ರಲ್ಲಿ ಹಾರಿದ ಜಿ 38 ವಿಮಾನದ ರೆಕ್ಕೆ ಎಷ್ಟು ದಪ್ಪವಾಗಿತ್ತೆಂದರೆ ಕೆಲವು ಪ್ರಯಾಣಿಕರು ರೆಕ್ಕೆಯೊಳಗೇ ಕುಳಿತು ಮುಂದಿನ ಕಿಟಕಿಯಿಂದ ನೋಡಬಹುದಾಗಿತ್ತು. 1910ರ ಪೇಟೆಂಟಿನ ಕನಸು ಹೀಗೆ ಅರ್ಧದಷ್ಟಾದರೂ ನನಸಾಯಿತು.

ಅದೇ ವರ್ಷ ಎ 50 ಯೂನಿಯರ್ ಎಂಬ ಪುಟ್ಟ ವಿಮಾನವೂ ಬಂತು. ಸಾಮಾನ್ಯ ಹವ್ಯಾಸಿಗಳು ಕೊಂಡು ಹಾರಿಸಲೆಂದು ರೂಪಿಸಿದ ಪೂರ್ಣ ಲೋಹದ ಎರಡು ಆಸನಗಳ ವಿಮಾನ ಇದು. ಫಿನ್ಲೆಂಡಿನ ವೈನೋ ಬ್ರೆಮರ್ ಅವರು 1931ರಲ್ಲಿ ಇದರಲ್ಲಿ ಪ್ರಪಂಚ ಪರ್ಯಟನೆ ಮಾಡಿದರು. ಅದೇ ವರ್ಷ ಜರ್ಮನಿಯ ಮಾರ್ಗಾ ಫಾನ್ ಎಟ್ಸ್‌ಡಾರ್ಫ್ ಅವರು ಇಂತಹುದೇ ವಿಮಾನದಲ್ಲಿ ಟೋಕಿಯೋವರೆಗೆ ಹಾರಿದರು. ಆದರೆ ಆರ್ಥಿಕ ಕುಸಿತದ ಆ ದಿನಗಳಲ್ಲಿ ಕೊಳ್ಳುವವರು ಕಡಿಮೆಯಾಗಿ 69 ವಿಮಾನಗಳಷ್ಟೇ ತಯಾರಾದವು. ಎರ್ನ್ಸ್ಟ್ ಜಿಂಡೆಲ್ ಅವರು ರೂಪಿಸಿದ ಯು 52 ವಿಮಾನವು 1930ರಲ್ಲಿ ಮೊದಲು ಹಾರಿತು. 1932ರಲ್ಲಿ ಮೂರು ಎಂಜಿನ್‌ಗಳ ರೂಪ ತಳೆದ ಅದು ಸುಮಾರು 4,800 ಸಂಖ್ಯೆಯಲ್ಲಿ ತಯಾರಾಯಿತು.

ಬೌಹೌಸ್ ಸಂಬಂಧ

1925ರಲ್ಲಿ ಬೌಹೌಸ್ ಕಲಾಶಾಲೆಯು ವೈಮಾರ್‌ನಿಂದ ಡೆಸ್ಸಾವ್‌ಗೆ ಬಂದಾಗ ಯುಂಕರ್ಸ್ ಅವರು ಅದಕ್ಕೆ ಬೆಂಬಲವಾಗಿ ನಿಂತರು. ಆ ಶಾಲೆಯ ಮಾರ್ಸೆಲ್ ಬ್ರೋಯರ್ ಅವರು ಉಕ್ಕಿನ ಕೊಳವೆಗಳಿಂದ ತಮ್ಮ ಪ್ರಸಿದ್ಧ ಕುರ್ಚಿಗಳನ್ನು ಮಾಡುವಾಗ ಯುಂಕರ್ಸ್ ಕಾರ್ಖಾನೆಯ ಕುಶಲಕರ್ಮಿಗಳ ನೆರವನ್ನು ಪಡೆದರು. ಲೋಹದ ಹಾಳೆಗಳಿಂದ ಮನೆ ಕಟ್ಟುವ ಪ್ರಯೋಗಗಳನ್ನೂ ಯುಂಕರ್ಸ್ ಅವರು ನಡೆಸಿದರು.

ಕಾರ್ಖಾನೆಗಳ ಸ್ವಾಧೀನ ಮತ್ತು ಮರಣ

1929ರ ನಂತರದ ಜಾಗತಿಕ ಆರ್ಥಿಕ ಕುಸಿತವು ಕಂಪನಿಯನ್ನು ಮತ್ತೆ ಬಿಕ್ಕಟ್ಟಿಗೆ ದೂಡಿತು. ವಿಮಾನ ಕಾರ್ಖಾನೆಯನ್ನು ಉಳಿಸಿಕೊಳ್ಳುವ ಸಲುವಾಗಿ ಯುಂಕರ್ಸ್ ಅವರು 1932ರಲ್ಲಿ ತಮ್ಮ ಮೊದಲ ಸಂಸ್ಥೆಯಾದ ಬಿಸಿನೀರಿನ ಯಂತ್ರಗಳ ಕಂಪನಿಯನ್ನು ಬಾಷ್ ಸಂಸ್ಥೆಗೆ ಮಾರಿದರು. ಆದರೆ ಮುಂದೆ ಬಂದ ಆಪತ್ತು ಹಣದ್ದಾಗಿರಲಿಲ್ಲ.

1933ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ನಾಟ್ಸಿ ಸರ್ಕಾರಕ್ಕೆ ಯುದ್ಧಸಿದ್ಧತೆಗಾಗಿ ಈ ಕಾರ್ಖಾನೆಗಳು ಬೇಕಾಗಿದ್ದವು. ವಿಮಾನವು ದೇಶಗಳನ್ನು ಹತ್ತಿರ ತರುವ ಸಾಧನವಾಗಬೇಕೆಂದು ನಂಬಿದ್ದ, ಉದಾರವಾದಿ ಮನೋಭಾವದ ಯುಂಕರ್ಸ್ ಅವರ ಮೇಲೆ ಆಳುವವರಿಗೆ ವಿಶ್ವಾಸವಿರಲಿಲ್ಲ. ಹಿಂದೊಮ್ಮೆ ಯುಂಕರ್ಸ್ ವಿಮಾನಯಾನ ಸಂಸ್ಥೆಯಲ್ಲಿಯೇ ಕೆಲಸ ಮಾಡಿದ್ದ ಎರ್ಹಾರ್ಡ್ ಮಿಲ್ಖ್ ಈಗ ವಾಯುಯಾನ ಇಲಾಖೆಯ ಉನ್ನತ ಅಧಿಕಾರಿಯಾಗಿದ್ದರು. ದೇಶದ್ರೋಹದ ಆರೋಪದ ಬೆದರಿಕೆಯನ್ನೊಡ್ಡಿ ಯುಂಕರ್ಸ್ ಅವರಿಂದ ಮೊದಲು ಪೇಟೆಂಟುಗಳನ್ನೂ ಆಮೇಲೆ ಶೇಕಡ 51ರಷ್ಟು ಷೇರುಗಳನ್ನೂ ಬರೆಸಿಕೊಳ್ಳಲಾಯಿತು. ತಾವು ಕಟ್ಟಿದ ಡೆಸ್ಸಾವ್ ನಗರಕ್ಕೆ ಕಾಲಿಡದಂತೆ ಅವರನ್ನು ನಿರ್ಬಂಧಿಸಲಾಯಿತು. ಬವೇರಿಯಾದ ಬೈರಿಷ್‌ಸೆಲ್ ಎಂಬ ಹಳ್ಳಿಯಲ್ಲಿ ಅವರು ಪೊಲೀಸರ ಕಣ್ಗಾವಲಿನಲ್ಲಿ ದಿನ ಕಳೆಯಬೇಕಾಯಿತು.

1935ರ ಫೆಬ್ರವರಿ 3ರಂದು, ತಮ್ಮ ಎಪ್ಪತ್ತಾರನೆಯ ಹುಟ್ಟುಹಬ್ಬದ ದಿನವೇ, ಮ್ಯೂನಿಕ್ ಸಮೀಪದ ಗೌಟಿಂಗ್‌ನಲ್ಲಿ ಅವರು ನಿಧನರಾದರು. ಉಳಿದಿದ್ದ ಷೇರುಗಳನ್ನು ಪತ್ನಿ ತೆರೇಸ್ ಅವರು ಸರ್ಕಾರಕ್ಕೆ ಒಪ್ಪಿಸಬೇಕಾಯಿತು.

ಮರಣಾನಂತರ

ಸರ್ಕಾರ ನೇಮಿಸಿದ ಹೈನ್ರಿಖ್ ಕೊಪ್ಪೆನ್‌ಬೆರ್ಗ್ ಅವರ ಆಡಳಿತದಲ್ಲಿ ಕಂಪನಿಯು ಯುದ್ಧವಿಮಾನಗಳ ಬೃಹತ್ ಕಾರ್ಖಾನೆಯಾಗಿ ಬದಲಾಯಿತು. ಯು 87 ಮತ್ತು ಯು 88 ಬಾಂಬರುಗಳು ಯುರೋಪಿನ ಅನೇಕ ನಗರಗಳ ಮೇಲೆ ಬಾಂಬು ಸುರಿಸಿದವು. ಹೆಸರನ್ನು ಮಾತ್ರ ಬದಲಾಯಿಸಲಿಲ್ಲ. ಹೀಗಾಗಿ ಯುಂಕರ್ಸ್ ಎಂಬ ಪದವು ಜನಮನದಲ್ಲಿ ಯುದ್ಧದೊಂದಿಗೆ ತಳುಕು ಹಾಕಿಕೊಂಡಿತು. 1945ರ ಮಾರ್ಚ್ 7ರಂದು ನಡೆದ ವಾಯುದಾಳಿಯಲ್ಲಿ ಡೆಸ್ಸಾವ್ ನಗರದ ಬಹುಭಾಗ ನಾಶವಾಯಿತು. ಮ್ಯೂನಿಕ್‌ನ ವಸ್ತುಸಂಗ್ರಹಾಲಯದಲ್ಲಿದ್ದ ಮೂಲ ಜೆ 1 ವಿಮಾನವೂ ಯುದ್ಧಕಾಲದ ಬಾಂಬ್ ದಾಳಿಗೆ ಆಹುತಿಯಾಯಿತು.

ಪರಂಪರೆ

ಡೆಸ್ಸಾವ್‌ನಲ್ಲಿ ಹ್ಯೂಗೋ ಯುಂಕರ್ಸ್ ಹೆಸರಿನ ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಕೆಲವು ಮೂಲ ಎಫ್ 13 ವಿಮಾನಗಳು ಯುರೋಪಿನ ಸಂಗ್ರಹಾಲಯಗಳಲ್ಲಿ ಉಳಿದಿವೆ. ಏಣುಗಳುಳ್ಳ ತಗಡಿನಿಂದ ಹೊಸದಾಗಿ ಕಟ್ಟಿದ ಎಫ್ 13 ಪ್ರತಿಕೃತಿಯೊಂದು 2016ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಹಾರಿತು. ಏಣುಗಳು ಗಾಳಿಯ ಎಳೆತವನ್ನು ಹೆಚ್ಚಿಸುತ್ತವೆ ಎಂಬ ಕಾರಣದಿಂದ 1930ರ ದಶಕದಲ್ಲಿಯೇ ನಯವಾದ ಹೊದಿಕೆ ಅವುಗಳ ಜಾಗವನ್ನು ಆಕ್ರಮಿಸಿತ್ತು. ಆದರೆ ಹೊರಗಿನ ತಂತಿಗಳಿಲ್ಲದ ದಪ್ಪ ರೆಕ್ಕೆ, ಲೋಹದ ಹೊದಿಕೆ, ರಿವೆಟ್ ಜೋಡಣೆ ಈ ಮೂರೂ ವಿಮಾನ ನಿರ್ಮಾಣದ ಸಾಮಾನ್ಯ ಕ್ರಮವಾಗಿ ನೆಲೆನಿಂತವು. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿಯೂ, ಹವ್ಯಾಸಿಗಳು ಮನೆಯ ಅಂಗಳದಲ್ಲಿ ಕಟ್ಟುವ ಪುಟ್ಟ ವಿಮಾನಗಳಲ್ಲಿಯೂ ಈ ಕ್ರಮ ಇಂದಿಗೂ ಮುಂದುವರಿದಿದೆ.